ಸೊರಗಿದ ಮೊಬೈಲ್ ಆಪರೇಟಿಂಗ್ ಸಿಸ್ಟಂ ಕೊಳ್ಳುವವರಿಗೆ ಇರಬೇಕಾದ ಕಾರಣ

2010ರ ಏಪ್ರಿಲ್ 28ರಂದು ಎಚ್‌ಪಿ ಕಂಪನಿಯು ಫೋನ್ ತಯಾರಿಸುತ್ತಿದ್ದ ಪಾಮ್ ಕಂಪನಿಯನ್ನು ಸುಮಾರು 120 ಕೋಟಿ ಡಾಲರ್ ಕೊಟ್ಟು ಕೊಳ್ಳುವುದಾಗಿ ಪ್ರಕಟಿಸಿದಾಗ, ಪಾಮ್ ರೂಪಿಸಿದ್ದ ವೆಬ್‌ಓಎಸ್ ಎಂಬ ಮೊಬೈಲ್ ಆಪರೇಟಿಂಗ್ ಸಿಸ್ಟಂ (ಫೋನನ್ನು ನಡೆಸುವ ಮೂಲ ತಂತ್ರಾಂಶ) ಅನ್ನು ಮೆಚ್ಚಿಕೊಂಡಿದ್ದ ನನ್ನಂಥವರಿಗೆ ದೊಡ್ಡ ಸಮಾಧಾನವಾಗಿತ್ತು. ಆ ವ್ಯವಸ್ಥೆ ಚೆನ್ನಾಗಿತ್ತು. ಅದನ್ನು ರೂಪಿಸಿದ ಕಂಪನಿಯ ಕೈಯಲ್ಲಿ ಮಾತ್ರ ಹಣ ಕರಗುತ್ತಿತ್ತು. ಹಣವಿರುವ ದೊಡ್ಡ ಕಂಪನಿಯೊಂದು ಬಂದು ಕೈಹಿಡಿದರೆ ಉಳಿದದ್ದೆಲ್ಲ ತಾನಾಗಿ ಸರಿಹೋಗುತ್ತದೆ ಎಂದು ನಾವು ನಂಬಿದ್ದೆವು. ಹದಿನಾರು ತಿಂಗಳು ತುಂಬುವುದರೊಳಗೆ ಆ ನಂಬಿಕೆ ಮುರಿದುಬಿತ್ತು. ಅಂದಿನಿಂದ, ತಂತ್ರಜ್ಞಾನ ಕಂಪನಿಯೊಂದು ಸೊರಗುತ್ತಿರುವ ಆಪರೇಟಿಂಗ್ ಸಿಸ್ಟಂ ಒಂದನ್ನು ಕೊಳ್ಳಬೇಕೆ ಬೇಡವೆ ಎಂಬ ಪ್ರಶ್ನೆ ಎದ್ದಾಗಲೆಲ್ಲ ನನ್ನ ಮನಸ್ಸು ಆ ಹದಿನಾರು ತಿಂಗಳುಗಳಿಗೇ ಮರಳುತ್ತದೆ. ನನ್ನ ನಿಲುವನ್ನು ಮೊದಲೇ ಹೇಳಿಬಿಡುತ್ತೇನೆ. ಆ ವ್ಯವಸ್ಥೆ ಫೋನ್ ಮಾರುಕಟ್ಟೆಯಲ್ಲಿ ಗೆಲ್ಲದೆ ಹೋದರೂ ತನಗೆ ಅದು ಬೇಕೇಬೇಕು ಎನ್ನುವಂಥ ಸ್ವಂತ ಕಾರಣವೊಂದು ಕೊಳ್ಳುವವರಿಗೆ ಇರಬೇಕು. ಅಂಥ ಕಾರಣವಿಲ್ಲದಿದ್ದರೆ, ಬೆಲೆ ಎಷ್ಟೇ ಕಡಿಮೆಯಿದ್ದರೂ ಕೊಳ್ಳಬಾರದು.

ವೆಬ್‌ಓಎಸ್‌ನ ಕತೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕಾಗಿದೆ, ಏಕೆಂದರೆ ಈ ಪ್ರಶ್ನೆಯ ಬಹುಪಾಲು ಎಳೆಗಳು ಅದರಲ್ಲೇ ಇವೆ. 2009ರ ಜನವರಿಯಲ್ಲಿ ಪಾಮ್ ಅದನ್ನು ಮೊದಲ ಬಾರಿಗೆ ತೋರಿಸಿದಾಗ, ತೆರೆದಿಟ್ಟ ಪ್ರತಿಯೊಂದು ಆ್ಯಪ್ ಒಂದು ಕಾರ್ಡಿನಂತೆ ಪರದೆಯ ಮೇಲೆ ಸಾಲಾಗಿ ನಿಲ್ಲುತ್ತಿತ್ತು; ಬೇಕಾದುದನ್ನು ಬೆರಳಿನಿಂದ ಪಕ್ಕಕ್ಕೆ ಸರಿಸಿ ಹುಡುಕಬಹುದಿತ್ತು, ಬೇಡವಾದುದನ್ನು ಮೇಲಕ್ಕೆ ತಳ್ಳಿ ಮುಚ್ಚಬಹುದಿತ್ತು. ಇಂದು ಯಾವುದೇ ಫೋನನ್ನು ಕೈಗೆತ್ತಿಕೊಂಡರೂ ಇದೇ ಬಗೆಯ ಚಲನೆ ಕಾಣುವುದರಿಂದ ಅದರಲ್ಲಿ ವಿಶೇಷವೇನಿದೆ ಎನಿಸಬಹುದು. ಅಂದು ಐಫೋನಿನಲ್ಲಿ ಒಂದು ಆ್ಯಪ್‌ನಿಂದ ಇನ್ನೊಂದಕ್ಕೆ ಹೋಗಬೇಕಾದರೆ ಮೊದಲನೆಯದನ್ನು ಬಿಟ್ಟು ಮುಖಪುಟಕ್ಕೆ ಬರಬೇಕಾಗಿತ್ತು. ಬೇರೆ ಬೇರೆ ಖಾತೆಗಳಲ್ಲಿ ಚದುರಿದ್ದ ಸಂಪರ್ಕಗಳನ್ನೂ ಕ್ಯಾಲೆಂಡರನ್ನೂ ಒಂದೇ ಕಡೆ ಕೂಡಿಸಿ ತೋರಿಸುವ ಸಿನರ್ಜಿ ಎಂಬ ಏರ್ಪಾಡು ಅದರಲ್ಲಿತ್ತು. ಆ್ಯಪ್‌ಗಳನ್ನು ಎಚ್‌ಟಿಎಂಎಲ್, ಸಿಎಸ್‌ಎಸ್, ಜಾವಾಸ್ಕ್ರಿಪ್ಟ್‌ನಂಥ ವೆಬ್ ತಂತ್ರಜ್ಞಾನಗಳಲ್ಲೇ ಬರೆಯಬಹುದಾಗಿದ್ದರಿಂದ, ವೆಬ್‌ಸೈಟ್ ಕಟ್ಟಬಲ್ಲವರೆಲ್ಲರಿಗೂ ಅದರ ಬಾಗಿಲು ತೆರೆದಿತ್ತು. ಒಳ್ಳೆಯ ವಿನ್ಯಾಸ ಎಂದರೆ ಏನು ಎಂದು ಯಾರಾದರೂ ಕೇಳಿದರೆ ನಾನು ಇಂದಿಗೂ ಆ ಕಾರ್ಡುಗಳನ್ನೇ ನೆನೆಯುತ್ತೇನೆ.

ಆದರೂ ಅದು ಸೊರಗಿತು. ಮೊದಲ ಫೋನಾದ ಪಾಮ್ ಪ್ರೀ 2009ರ ಜೂನ್ 6ರಂದು ಅಮೆರಿಕದಲ್ಲಿ ಸ್ಪ್ರಿಂಟ್ ಎಂಬ ಒಂದೇ ಮೊಬೈಲ್ ಸೇವಾ ಕಂಪನಿಯ ಮೂಲಕ ಮಾರುಕಟ್ಟೆಗೆ ಬಂತು. ಎರಡು ದಿನಗಳ ಬಳಿಕ ಆ್ಯಪಲ್ ಐಫೋನ್ 3ಜಿಎಸ್ ಅನ್ನು ಘೋಷಿಸಿತು. ಪಾಮ್ 2010ರ ಫೆಬ್ರುವರಿಗೆ ಮುಗಿದ ಮೂರು ತಿಂಗಳಲ್ಲಿ 9 ಲಕ್ಷ 60 ಸಾವಿರ ಫೋನ್‌ಗಳನ್ನು ಅಂಗಡಿಗಳಿಗೆ ಕಳುಹಿಸಿತ್ತು. ಗ್ರಾಹಕರ ಕೈಸೇರಿದ್ದು 4 ಲಕ್ಷ 8 ಸಾವಿರ ಮಾತ್ರ. ಈ ಎರಡು ಸಂಖ್ಯೆಗಳ ನಡುವಿನ ಅಂತರವೇ ಪಾಮ್ ಅನ್ನು ಮಾರಾಟಕ್ಕೆ ಇಡುವಂತೆ ಮಾಡಿತು ಎಂದರೆ ತಪ್ಪಾಗಲಾರದು.

ಎಚ್‌ಪಿ ಕೊಂಡ ಮೇಲೆ ಏನಾಯಿತು ಎಂಬುದು ಮುಖ್ಯ. 2010ರ ಜುಲೈ 1ರಂದು ವ್ಯವಹಾರ ಪೂರ್ಣಗೊಂಡಿತು. ಆಗಸ್ಟ್‌ನಲ್ಲಿ, ಖರೀದಿಯ ನಿರ್ಧಾರದ ಹಿಂದಿದ್ದ ಮುಖ್ಯಾಧಿಕಾರಿ ಮಾರ್ಕ್ ಹರ್ಡ್ ರಾಜೀನಾಮೆ ಕೊಟ್ಟು ಹೊರನಡೆದರು. ನವೆಂಬರ್‌ನಲ್ಲಿ ಅವರ ಸ್ಥಾನಕ್ಕೆ ಬಂದ ಲಿಯೋ ಅಪೊಥೆಕರ್ ಉದ್ಯಮಗಳಿಗೆ ತಂತ್ರಾಂಶ ಒದಗಿಸುವ ಲೋಕದಿಂದ ಬಂದವರು. ಅವರ ದೃಷ್ಟಿ ಸಹಜವಾಗಿಯೇ ಬೇರೆ ಕಡೆಗಿತ್ತು. 2011ರ ಜುಲೈ 1ರಂದು ಟಚ್‌ಪ್ಯಾಡ್ ಎಂಬ ಟ್ಯಾಬ್ಲೆಟ್ 499 ಡಾಲರ್‌ನ ಆರಂಭಿಕ ಬೆಲೆಯಲ್ಲಿ ಬಿಡುಗಡೆಯಾಯಿತು. ಬರೀ ನಲವತ್ತೊಂಬತ್ತನೆಯ ದಿನ, ಆಗಸ್ಟ್ 18ರಂದು, ವೆಬ್‌ಓಎಸ್ ಸಾಧನಗಳ ತಯಾರಿಕೆಯನ್ನೇ ನಿಲ್ಲಿಸುವುದಾಗಿ ಎಚ್‌ಪಿ ಪ್ರಕಟಿಸಿತು. ಅದೇ ದಿನ ಆಟಾನಮಿ ಎಂಬ ತಂತ್ರಾಂಶ ಕಂಪನಿಯನ್ನು ಕೊಳ್ಳುವ ಘೋಷಣೆಯೂ ಹೊರಬಿತ್ತು. ಉಳಿದ ಟಚ್‌ಪ್ಯಾಡ್‌ಗಳ ಬೆಲೆಯನ್ನು 99 ಡಾಲರ್‌ಗೆ ಇಳಿಸಿದಾಗ ಅವು ನೋಡನೋಡುತ್ತಿದ್ದಂತೆ ಖಾಲಿಯಾದವು. ಜನರಿಗೆ ಆ ಸಾಧನ ಬೇಡವಾಗಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ ಎಂದು ಕೆಲವರು ವಾದಿಸುತ್ತಾರೆ. ಆ ವಾದವನ್ನು ನಾನು ಪೂರ್ತಿ ಒಪ್ಪುವುದಿಲ್ಲ. ತಯಾರಿಕೆಯ ಖರ್ಚಿಗಿಂತ ಕಡಿಮೆ ಬೆಲೆಗೆ ಮಾರಿದಾಗ ಸಿಗುವ ಗ್ರಾಹಕರನ್ನು ಲೆಕ್ಕಕ್ಕೆ ಹಿಡಿದು ವ್ಯಾಪಾರ ನಡೆಸಲಾಗದು. ಆದರೆ ನಲವತ್ತೊಂಬತ್ತು ದಿನಗಳಲ್ಲಿ ಯಾವ ಆಪರೇಟಿಂಗ್ ಸಿಸ್ಟಂ ಕೂಡ ಗೆಲ್ಲುವುದಿಲ್ಲ, ಸೋಲುವುದೂ ಇಲ್ಲ ಎಂಬುದನ್ನು ಮಾತ್ರ ದೃಢವಾಗಿ ಹೇಳಬಲ್ಲೆ.

ಇಂಥ ಖರೀದಿಗಳ ಸುದ್ದಿ ಬಂದಾಗ ಎಲ್ಲರೂ ಮೊದಲು ನೋಡುವುದು ಬೆಲೆಯನ್ನು. ನನ್ನ ಪ್ರಕಾರ ಬೆಲೆ ಇಡೀ ವ್ಯವಹಾರದ ಅತ್ಯಂತ ಚಿಕ್ಕ ಭಾಗ. ಆಪರೇಟಿಂಗ್ ಸಿಸ್ಟಂ ಎಂಬುದು ಒಮ್ಮೆ ಕೊಂಡು ಕಪಾಟಿನಲ್ಲಿಟ್ಟುಕೊಳ್ಳುವ ವಸ್ತುವಲ್ಲ. ಅದು ಹೊಲದಲ್ಲಿ ನಿಂತ ಬೆಳೆ. ಕೊಂಡ ಮರುದಿನದಿಂದಲೇ ನೀರು ಹಾಯಿಸಬೇಕು, ಕಳೆ ಕೀಳಬೇಕು. ಪ್ರತಿ ವರ್ಷ ಹೊಸ ಪ್ರೊಸೆಸರ್‌ಗಳು ಬರುತ್ತವೆ, ಅವಕ್ಕೆ ತಕ್ಕಂತೆ ವ್ಯವಸ್ಥೆಯ ತಳಭಾಗವನ್ನು ಹೊಂದಿಸಬೇಕು. ಕ್ಯಾಮೆರಾ, ಸೆನ್ಸರ್, ಗ್ರಾಫಿಕ್ಸ್, ಮೊಬೈಲ್ ಜಾಲದೊಂದಿಗೆ ಮಾತಾಡುವ ಮೋಡೆಮ್ ಇವುಗಳನ್ನೆಲ್ಲ ವ್ಯವಸ್ಥೆಯೊಂದಿಗೆ ಬೆಸೆಯುವ ಡ್ರೈವರ್ ಎಂಬ ಸಣ್ಣ ತಂತ್ರಾಂಶಗಳು ಬೇಕು. ಚಿಪ್ ತಯಾರಕರು ತಮ್ಮ ಸಮಯವನ್ನು ಮೊದಲು ಕೊಡುವುದು ಹೆಚ್ಚು ಮಾರಾಟವಾಗುವ ವ್ಯವಸ್ಥೆಗೆ; ಸೊರಗಿದ ವ್ಯವಸ್ಥೆಯ ಸರದಿ ಬರುವುದು ಕೊನೆಗೆ, ಹಲವು ಸಲ ಬರುವುದೇ ಇಲ್ಲ. ಬ್ರೌಸರ್‌ನಲ್ಲಿ ಭದ್ರತಾ ಲೋಪವೊಂದು ಪತ್ತೆಯಾದರೆ ಅದನ್ನು ಮುಚ್ಚುವ ಕೆಲಸ ಹತ್ತು ಕೋಟಿ ಬಳಕೆದಾರರಿರುವ ಕಂಪನಿಗೂ ಹತ್ತು ಲಕ್ಷ ಬಳಕೆದಾರರಿರುವ ಕಂಪನಿಗೂ ಹೆಚ್ಚುಕಡಿಮೆ ಒಂದೇ ಪ್ರಮಾಣದ್ದು. ಈ ಕೆಲಸ ಯಾವ ಜಾಹೀರಾತಿನಲ್ಲೂ ಕಾಣುವುದಿಲ್ಲ, ಬಳಕೆದಾರರಿಂದ ಮೆಚ್ಚುಗೆಯನ್ನೂ ತರುವುದಿಲ್ಲ. ಅದನ್ನು ನಿಲ್ಲಿಸಿದ ದಿನದಿಂದ ವ್ಯವಸ್ಥೆ ಒಳಗೊಳಗೇ ಕೊಳೆಯತೊಡಗುತ್ತದೆ.

ಕೋಡಿನ ವಯಸ್ಸಿನ ಪ್ರಶ್ನೆಯೂ ಇದೆ. 2008ರಲ್ಲಿ ನೋಕಿಯಾ, ತನ್ನ ಫೋನ್‌ಗಳಲ್ಲಿ ನಡೆಯುತ್ತಿದ್ದ ಸಿಂಬಿಯನ್ ಎಂಬ ಆಪರೇಟಿಂಗ್ ಸಿಸ್ಟಂನ ಕಂಪನಿಯಲ್ಲಿ ತನ್ನದಲ್ಲದ ಪಾಲನ್ನು 26.4 ಕೋಟಿ ಯೂರೋ ಕೊಟ್ಟು ಕೊಳ್ಳಲು ಮುಂದಾದಾಗ ಸಿಂಬಿಯನ್ ಸೊರಗಿರಲಿಲ್ಲ. ಜಗತ್ತಿನ ಸ್ಮಾರ್ಟ್‌ಫೋನ್‌ಗಳಲ್ಲಿ ಅದೇ ಮುಂಚೂಣಿಯಲ್ಲಿತ್ತು. ಆದರೆ ಅದರ ಬೇರುಗಳಿದ್ದದ್ದು ಸೈಯಾನ್ ಕಂಪನಿಯ ಕೈಗಣಕಗಳ ಕಾಲದಲ್ಲಿ. ಅತಿ ಕಡಿಮೆ ಮೆಮೊರಿಯಲ್ಲಿ, ಬ್ಯಾಟರಿಯನ್ನು ಉಳಿಸಿಕೊಂಡು ಕೆಲಸ ಮಾಡಲು ಮಾಡಿಕೊಂಡಿದ್ದ ಜಾಣ ಏರ್ಪಾಡುಗಳೇ, ಯಂತ್ರಾಂಶ ಶಕ್ತಿಶಾಲಿಯಾದ ಮೇಲೆ ಆ್ಯಪ್ ಬರೆಯುವ ಡೆವಲಪರ್‌ಗಳಿಗೆ ಹೊರೆಯಾದವು. ಒಂದು ಸಾಲು ಪಠ್ಯವನ್ನು ನಿರ್ವಹಿಸಲು ಕೂಡ ಸಿಂಬಿಯನ್ನಿಗೇ ವಿಶಿಷ್ಟವಾದ ಪದ್ಧತಿಗಳನ್ನು ಕಲಿಯಬೇಕಾಗಿತ್ತು. ಸ್ಪರ್ಶಪರದೆಯನ್ನು ಅದರ ಮೇಲೆ ಕೂರಿಸಲು ನೋಕಿಯಾ ಪಟ್ಟ ಪಾಡು ಸಣ್ಣದಲ್ಲ. 2011ರ ಫೆಬ್ರುವರಿಯಲ್ಲಿ, ಎಂದರೆ ಮೂರು ವರ್ಷಗಳೂ ಕಳೆಯದೆ, ತನ್ನ ಮುಂದಿನ ಸ್ಮಾರ್ಟ್‌ಫೋನ್‌ಗಳಿಗೆ ಮೈಕ್ರೋಸಾಫ್ಟ್‌ನ ವಿಂಡೋಸ್ ಫೋನ್ ಅನ್ನು ಆರಿಸಿಕೊಂಡಿರುವುದಾಗಿ ನೋಕಿಯಾವೇ ಘೋಷಿಸಿತು.

ಕೋಡು ಬಂದರೂ ಅದನ್ನು ಬರೆದವರು ಬರುತ್ತಾರೆ ಎಂಬ ಖಾತರಿಯಿಲ್ಲ. ವೆಬ್‌ಓಎಸ್‌ನ ಬಳಕೆಯ ಅನುಭವವನ್ನು ವಿನ್ಯಾಸ ಮಾಡಿದ ತಂಡದ ಮುಂದಾಳು ಮಟಿಯಾಸ್ ದುವಾರ್ಟೆ, ಖರೀದಿಯ ಘೋಷಣೆಯಾದ ಮರು ತಿಂಗಳೇ ಗೂಗಲ್ ಸೇರಿ ಆಂಡ್ರಾಯ್ಡ್‌ನ ವಿನ್ಯಾಸಕ್ಕೆ ಕೈಹಾಕಿದರು. ಇದರಲ್ಲಿ ಅವರ ತಪ್ಪೇನೂ ಇಲ್ಲ. ವರ್ಷಗಟ್ಟಲೆ ದುಡಿದು ಮಾಡಿದ ಕೆಲಸ ಮಾರುಕಟ್ಟೆಯಲ್ಲಿ ಸೋಲುತ್ತಿರುವಾಗ, ಸಂಸ್ಥೆ ಕೈಬದಲಾಗುವಾಗ, ಪ್ರತಿಭಾವಂತರು ತಮ್ಮ ದಾರಿ ನೋಡಿಕೊಳ್ಳುವುದು ಸಹಜ. ಆದರೆ ಕೊಳ್ಳುವವರು ಇದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಅಪರೂಪ. ಆಪರೇಟಿಂಗ್ ಸಿಸ್ಟಂನ ಲಕ್ಷಾಂತರ ಸಾಲು ಕೋಡಿನಲ್ಲಿ ಯಾವುದು ಏಕೆ ಹಾಗಿದೆ ಎಂಬ ತಿಳಿವಳಿಕೆ ದಾಖಲೆಗಳಲ್ಲಿ ಇರುವುದಕ್ಕಿಂತ ಹೆಚ್ಚಾಗಿ ಕೆಲವರ ತಲೆಯಲ್ಲಿರುತ್ತದೆ. ಅಂಥ ಮೂವತ್ತು ನಲವತ್ತು ಜನ ಹೊರಟುಹೋದರೆ, ಉಳಿದವರು ಒಂದೆರಡು ವರ್ಷಗಳನ್ನು ಇರುವುದನ್ನು ಅರ್ಥಮಾಡಿಕೊಳ್ಳುವುದರಲ್ಲೇ ಕಳೆಯಬೇಕಾಗುತ್ತದೆ.

ಇನ್ನು ಆ್ಯಪ್‌ಗಳ ವಿಷಯ. ಬಳಕೆದಾರರಿಲ್ಲದ ಕಡೆ ಡೆವಲಪರ್ ಬರುವುದಿಲ್ಲ, ಆ್ಯಪ್‌ಗಳಿಲ್ಲದ ಕಡೆ ಬಳಕೆದಾರರು ನಿಲ್ಲುವುದಿಲ್ಲ. ಈ ಮಾತನ್ನು ಎಲ್ಲರೂ ಹೇಳುತ್ತಾರೆ. ಆದರೆ ಅದು ಒಳಗಿನಿಂದ ಹೇಗೆ ಕಾಣುತ್ತದೆ ಎಂಬುದನ್ನು ನನ್ನ ಅನುಭವದಿಂದ ಹೇಳಬಹುದು. ಕೆಲವು ವರ್ಷಗಳ ಹಿಂದೆ ನಾನು ಐದು ಜನರ ತಂಡವೊಂದರಲ್ಲಿದ್ದೆ. ನಮ್ಮ ಆ್ಯಪ್ ಎರಡು ಪ್ರಮುಖ ವ್ಯವಸ್ಥೆಗಳಲ್ಲಿ ಚೆನ್ನಾಗಿ ನಡೆಯುತ್ತಿತ್ತು. ಮೂರನೆಯ ವ್ಯವಸ್ಥೆಯೊಂದರ ಒಡೆತನ ಆಗಷ್ಟೇ ಬದಲಾಗಿತ್ತು. ಹೊಸ ಒಡೆಯರು ಡೆವಲಪರ್‌ಗಳಿಗೆ ದೊಡ್ಡ ಭರವಸೆಗಳನ್ನು ಕೊಟ್ಟಿದ್ದರು. ಅದರ ಹೆಸರು ಇಲ್ಲಿ ಮುಖ್ಯವಲ್ಲ. ನಾವು ಏಳು ತಿಂಗಳು ದುಡಿದು ಅದಕ್ಕಾಗಿ ಆ್ಯಪ್ ಬರೆದೆವು. ಅಷ್ಟರಲ್ಲಿ ಅವರು ಆ್ಯಪ್ ಕಟ್ಟುವ ಚೌಕಟ್ಟನ್ನೇ ಬದಲಿಸಿದರು. ಹಳೆಯದರಲ್ಲಿ ಬರೆದದ್ದು ಹೊಸ ಸಾಧನಗಳಲ್ಲಿ ಸರಿಯಾಗಿ ನಡೆಯುತ್ತಿರಲಿಲ್ಲ. ಮತ್ತೆ ಬರೆಯಬೇಕೆ ಎಂದು ನಾವು ಒಂದು ಸಂಜೆ ಕೂತು ಚರ್ಚಿಸಿದೆವು. ನಮ್ಮ ಒಟ್ಟು ಬಳಕೆದಾರರಲ್ಲಿ ಆ ವ್ಯವಸ್ಥೆಯವರು ನೂರಕ್ಕೆ ಇಬ್ಬರೂ ಇರಲಿಲ್ಲ. ಆದರೆ ನಮಗೆ ಬರುತ್ತಿದ್ದ ಅತ್ಯಂತ ಪ್ರೀತಿಯ ಪತ್ರಗಳು ಆ ಇಬ್ಬರಿಂದಲೇ ಬರುತ್ತಿದ್ದವು. ಕೊನೆಗೆ ನಾವು ಬರೆಯಲಿಲ್ಲ. ಆ ನಿರ್ಧಾರ ತಿಳಿಸಿ ಅವರಿಗೆ ಉತ್ತರ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಆ ಪತ್ರಗಳನ್ನು ಬರೆದ ದಿನ ನನಗೆ ಇನ್ನೂ ನೆನಪಿದೆ. ನಮ್ಮಂಥ ಸಾವಿರಾರು ಸಣ್ಣ ತಂಡಗಳು ಇದೇ ಲೆಕ್ಕವನ್ನು ಹಾಕಿ ಇದೇ ತೀರ್ಮಾನಕ್ಕೆ ಬಂದಾಗ ಒಂದು ವ್ಯವಸ್ಥೆ ಸಾಯುತ್ತದೆ. ಆ ತೀರ್ಮಾನದಲ್ಲಿ ತಂತ್ರಜ್ಞಾನದ ಗುಣ ದೋಷಗಳಿಗೆ ಜಾಗವೇ ಇರುವುದಿಲ್ಲ.

ವೆಬ್‌ಓಎಸ್‌ನಲ್ಲೂ ಚೌಕಟ್ಟಿನ ಬದಲಾವಣೆ ನಡೆದಿತ್ತು. ಫೋನ್‌ಗಳ ಕಾಲದ ಮೋಜೋ ಎಂಬ ಚೌಕಟ್ಟಿನ ಜಾಗಕ್ಕೆ ಟಚ್‌ಪ್ಯಾಡ್‌ನೊಂದಿಗೆ ಎನ್ಯೋ ಬಂತು. ಎನ್ಯೋ ತಾಂತ್ರಿಕವಾಗಿ ಉತ್ತಮವಾಗಿತ್ತು. ಆದರೆ ಮೊದಲೇ ಕಡಿಮೆಯಿದ್ದ ಆ್ಯಪ್‌ಗಳು ಟ್ಯಾಬ್ಲೆಟ್‌ನ ದೊಡ್ಡ ಪರದೆಯಲ್ಲಿ ಫೋನಿನಷ್ಟೇ ಗಾತ್ರದ ಕಿಂಡಿಯೊಳಗೆ ನಡೆಯುತ್ತಿದ್ದುದನ್ನು ಕಂಡಾಗ, ಹೊಸದಾಗಿ ಕೊಂಡವರಿಗೆ ಏನೆನಿಸಿರಬೇಕು ಎಂಬುದನ್ನು ಊಹಿಸಬಹುದು.

ಹಣವಿದ್ದರೆ ಆ್ಯಪ್‌ಗಳನ್ನೂ ತರಿಸಬಹುದಲ್ಲವೆ ಎಂಬ ಪ್ರಶ್ನೆಗೆ ಉತ್ತರ ಮೈಕ್ರೋಸಾಫ್ಟ್‌ನ ಅನುಭವದಲ್ಲಿದೆ. ಅದರ ಬಳಿ ಹಣಕ್ಕೆ ಕೊರತೆಯಿರಲಿಲ್ಲ, ತಾಳ್ಮೆಗೂ ಹೆಚ್ಚಿನ ಕೊರತೆಯಿರಲಿಲ್ಲ. 2013ರಲ್ಲಿ ವಿಂಡೋಸ್ ಫೋನಿಗಾಗಿ ತಾನೇ ಯೂಟ್ಯೂಬ್ ಆ್ಯಪ್ ಒಂದನ್ನು ಬರೆದಾಗ, ಅದು ತಮ್ಮ ನಿಯಮಗಳಿಗೆ ವಿರುದ್ಧವಾಗಿದೆ ಎಂದು ಗೂಗಲ್ ಆಕ್ಷೇಪಿಸಿತು. ತಿದ್ದಿ ಮತ್ತೆ ಬಿಟ್ಟಾಗ ತಡೆಹಿಡಿಯಿತು. ಅತ್ಯಂತ ಬೇಡಿಕೆಯ ಆ್ಯಪ್‌ಗಳಲ್ಲಿ ಹಲವು ಪ್ರತಿಸ್ಪರ್ಧಿಗಳ ಕೈಯಲ್ಲೇ ಇರುವಾಗ, ಕೊಂಡ ವ್ಯವಸ್ಥೆಯ ಆಯುಸ್ಸಿನ ಒಂದು ಭಾಗವನ್ನು ಅವರೇ ನಿರ್ಧರಿಸುತ್ತಾರೆ. ಅದೇ ವರ್ಷದ ಸೆಪ್ಟೆಂಬರ್‌ನಲ್ಲಿ ಮೈಕ್ರೋಸಾಫ್ಟ್ ನೋಕಿಯಾದ ಫೋನ್ ವಿಭಾಗವನ್ನೂ ಪೇಟೆಂಟ್ ಪರವಾನಗಿಗಳನ್ನೂ 544 ಕೋಟಿ ಯೂರೋಗಳಿಗೆ ಪಡೆಯುವ ಒಪ್ಪಂದ ಮಾಡಿಕೊಂಡಿತು. 2015ರ ಜುಲೈನಲ್ಲಿ ಸುಮಾರು 760 ಕೋಟಿ ಡಾಲರ್‌ಗಳನ್ನು ನಷ್ಟವೆಂದು ಬರೆದುಹಾಕಿ, 7,800ರವರೆಗೆ ಹುದ್ದೆಗಳನ್ನು ತೆಗೆಯುವುದಾಗಿ ಪ್ರಕಟಿಸಿತು. ಇಲ್ಲಿ ಕೊಂಡದ್ದು ಆಪರೇಟಿಂಗ್ ಸಿಸ್ಟಂ ಅನ್ನಲ್ಲ, ಅದನ್ನು ಹೊತ್ತು ತಿರುಗುವ ಫೋನ್‌ಗಳನ್ನು ಎಂಬುದು ನಿಜ. ಆದರೂ ಪಾಠ ಒಂದೇ: ಮೂರನೆಯ ಸ್ಥಾನದಲ್ಲಿರುವ ವ್ಯವಸ್ಥೆಗೆ ಹಣ ಸುರಿದರೆ ಅದು ಎರಡನೆಯ ಸ್ಥಾನಕ್ಕೆ ಏರಿಬಿಡುವುದಿಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ನಾನು ಯಾರೂ ಎಂದೂ ಕೊಳ್ಳಲೇಬಾರದು ಎನ್ನುವ ಪಕ್ಷದವನಲ್ಲ. ಆ ಪಕ್ಷಕ್ಕೆ ಎದುರಾಗಿ ನಿಲ್ಲುವ ಎರಡು ದೊಡ್ಡ ಉದಾಹರಣೆಗಳಿವೆ. 2005ರಲ್ಲಿ ಗೂಗಲ್ ಕೊಂಡ ಆಂಡ್ರಾಯ್ಡ್ ಆಗ ಒಂದೂ ಫೋನ್ ಮಾರಿರದ, ಹಣಕ್ಕೆ ತತ್ತರಿಸುತ್ತಿದ್ದ ಸಣ್ಣ ಕಂಪನಿ. ಅದರ ಸ್ಥಾಪಕ ಆಂಡಿ ರೂಬಿನ್ ಮತ್ತು ಸಂಗಡಿಗರು ಮೊದಲಿಗೆ ಅದನ್ನು ಡಿಜಿಟಲ್ ಕ್ಯಾಮೆರಾಗಳಿಗೆಂದು ಯೋಚಿಸಿದ್ದರು. ಮೊದಲ ಆಂಡ್ರಾಯ್ಡ್ ಫೋನ್ ಜನರ ಕೈಗೆ ಬಂದದ್ದು 2008ರ ಅಕ್ಟೋಬರ್‌ನಲ್ಲಿ. ಅಷ್ಟು ದಿನ ಕಾಯಲು, ನಡುವೆ 2007ರಲ್ಲಿ ಐಫೋನ್ ಬಂದಾಗ ಗುಂಡಿಗಳ ಫೋನಿನ ಯೋಜನೆಯನ್ನು ಬದಿಗಿಟ್ಟು ಸ್ಪರ್ಶಪರದೆಯ ಕಡೆ ಹೊರಳಲು, ಮತ್ತು ಎಲ್ಲಕ್ಕಿಂತ ಹೆಚ್ಚಾಗಿ ಅದನ್ನು ತಯಾರಕರಿಗೆ ಉಚಿತವಾಗಿ ಹಂಚಲು ಗೂಗಲ್‌ಗೆ ಸಾಧ್ಯವಾದದ್ದು ಅದರ ಆದಾಯ ಹುಡುಕಾಟದ ಜಾಹೀರಾತುಗಳಿಂದ ಬರುತ್ತಿದ್ದುದರಿಂದ. ಜನ ಮೊಬೈಲ್‌ನಲ್ಲಿ ಅಂತರಜಾಲ ಬಳಸತೊಡಗಿದಾಗ ಆ ಬಾಗಿಲನ್ನು ಬೇರೆ ಯಾರೋ ಮುಚ್ಚಬಹುದು ಎಂಬ ಭಯ ಅದಕ್ಕಿತ್ತು. ಆಂಡ್ರಾಯ್ಡ್ ತಾನಾಗಿ ಲಾಭ ತರದಿದ್ದರೂ ಗೂಗಲ್‌ಗೆ ಅದು ಬೇಕಾಗಿತ್ತು.

ಎರಡನೆಯದು ಇನ್ನೂ ಹಳೆಯದು, ಮೊಬೈಲ್‌ಗೆ ಸೇರಿದ್ದಲ್ಲ. ಆದರೂ ನನ್ನ ಕಣ್ಣಿಗೆ ಅದೇ ಹೆಚ್ಚು ಬೆಲೆಯುಳ್ಳದ್ದು. 1996ರಲ್ಲಿ ಆ್ಯಪಲ್ ತನ್ನ ಮುಂದಿನ ಆಪರೇಟಿಂಗ್ ಸಿಸ್ಟಂ ಆದ ಕೋಪ್‌ಲ್ಯಾಂಡ್ ಅನ್ನು ಕಟ್ಟಲಾಗದೆ ಕೈಚೆಲ್ಲಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಅದು 40 ಕೋಟಿ ಡಾಲರ್‌ಗೂ ಹೆಚ್ಚು ಹಣಕ್ಕೆ ನೆಕ್ಸ್ಟ್ ಕಂಪನಿಯನ್ನು ಕೊಳ್ಳಲು ಒಪ್ಪಿತು. ನೆಕ್ಸ್ಟ್ ತನ್ನ ಗಣಕಗಳ ತಯಾರಿಕೆಯನ್ನು 1993ರಲ್ಲೇ ನಿಲ್ಲಿಸಿತ್ತು. ಮಾರುಕಟ್ಟೆಯ ಅಳತೆಯಲ್ಲಿ ಅದರ ಆಪರೇಟಿಂಗ್ ಸಿಸ್ಟಂ ಆದ ನೆಕ್ಸ್ಟ್‌ಸ್ಟೆಪ್ ಸೋತ ವ್ಯವಸ್ಥೆ. ಅದರ ಮೇಲೆ ಕಟ್ಟಿದ ಮ್ಯಾಕ್ ಓಎಸ್ ಟೆನ್ ಗ್ರಾಹಕರಿಗೆ ದೊರೆತದ್ದು 2001ರ ಮಾರ್ಚ್‌ನಲ್ಲಿ, ಅದೇ ಬೇರಿನಿಂದ ಐಫೋನಿನ ವ್ಯವಸ್ಥೆ ಬಂದದ್ದು 2007ರಲ್ಲಿ. ಮೊದಲ ಫಲಕ್ಕೆ ನಾಲ್ಕು ವರ್ಷ, ನಿಜವಾದ ಫಲಕ್ಕೆ ಹತ್ತು ವರ್ಷ. ಆ್ಯಪಲ್‌ಗೆ ಆಗ ನಿಷ್ಠಾವಂತ ಮ್ಯಾಕ್ ಬಳಕೆದಾರರಿದ್ದರು, ಮಾರಲು ಸ್ವಂತ ಯಂತ್ರಗಳಿದ್ದವು, ಇಲ್ಲದೇ ಇದ್ದದ್ದು ಆ ಯಂತ್ರಗಳಿಗೆ ಮುಂದಿನ ಆಪರೇಟಿಂಗ್ ಸಿಸ್ಟಂ ಮಾತ್ರ. ಇಂಥ ಅಗತ್ಯವಿದ್ದವರಿಗೆ ಬಿಟ್ಟು ಹೊರಡುವ ದಾರಿಯೇ ಇರುವುದಿಲ್ಲ, ಆದ್ದರಿಂದ ನಲವತ್ತೊಂಬತ್ತು ದಿನಗಳಲ್ಲಿ ಬಿಟ್ಟುಬಿಡುವ ಪ್ರಶ್ನೆಯೂ ಏಳುವುದಿಲ್ಲ. ಎಚ್‌ಪಿಗೆ ಆ ದಾರಿ ಯಾವಾಗಲೂ ತೆರೆದಿತ್ತು. ವೆಬ್‌ಓಎಸ್ ಇಲ್ಲದಿದ್ದರೂ ಅದರ ಲ್ಯಾಪ್‌ಟಾಪ್‌ಗಳು ವಿಂಡೋಸ್‌ನೊಂದಿಗೆ ಮಾರಾಟವಾಗುತ್ತಲೇ ಇದ್ದವು, ಪ್ರಿಂಟರ್‌ಗಳು ಇಂಕ್ ಬೇಡುತ್ತಲೇ ಇದ್ದವು.

ಸೊರಗಿದ ವ್ಯವಸ್ಥೆಗಳಿಗೆ ಇನ್ನೊಂದು ಬಗೆಯ ಬದುಕೂ ಇದೆ, ಈಚೆಗೆ ನನ್ನನ್ನು ಹೆಚ್ಚು ಯೋಚಿಸುವಂತೆ ಮಾಡಿರುವುದು ಅದೇ. ವೆಬ್‌ಓಎಸ್ ಅನ್ನು 2013ರ ಫೆಬ್ರುವರಿಯಲ್ಲಿ ಎಲ್‌ಜಿ ಕೊಂಡಿತು, ಫೋನಿಗಲ್ಲ, ಟಿವಿಗೆ. 2014ರಿಂದ ಎಲ್‌ಜಿಯ ಸ್ಮಾರ್ಟ್ ಟಿವಿಗಳಲ್ಲಿ ಅದು ನಡೆಯುತ್ತಿದೆ. ಟಿವಿಯಲ್ಲಿ ಲಕ್ಷಾಂತರ ಆ್ಯಪ್‌ಗಳು ಬೇಕಾಗಿಲ್ಲ. ಹತ್ತಿಪ್ಪತ್ತು ವಿಡಿಯೋ ಸೇವೆಗಳಿದ್ದರೆ ಬಹುಪಾಲು ಮನೆಗಳಿಗೆ ಸಾಕು, ಆ ಸೇವೆಗಳವರೂ ವೆಬ್ ತಂತ್ರಜ್ಞಾನದಲ್ಲೇ ಬರೆಯಲು ಸಿದ್ಧರಿರುತ್ತಾರೆ. ಫೋನಿನಲ್ಲಿ ದೌರ್ಬಲ್ಯವಾಗಿದ್ದದ್ದು ಟಿವಿಯಲ್ಲಿ ಅನುಕೂಲವಾಯಿತು. ಬ್ಲ್ಯಾಕ್‌ಬೆರಿಯ ಕತೆಯೂ ಇದಕ್ಕೆ ಹತ್ತಿರದ್ದು. ಆಗ ರಿಮ್ ಎಂದು ಕರೆಸಿಕೊಳ್ಳುತ್ತಿದ್ದ ಆ ಕಂಪನಿ 2010ರಲ್ಲಿ ಹಾರ್ಮನ್ ಕಂಪನಿಯಿಂದ ಕ್ಯೂಎನ್‌ಎಕ್ಸ್ ಎಂಬ ಆಪರೇಟಿಂಗ್ ಸಿಸ್ಟಂ ಅನ್ನು ಕೊಂಡು, ಅದರ ಮೇಲೆ ಬ್ಲ್ಯಾಕ್‌ಬೆರಿ 10 ಅನ್ನು ಕಟ್ಟಿ 2013ರ ಜನವರಿ 30ರಂದು ಹೊರತಂದಿತು. ಆ ಮೂರು ವರ್ಷಗಳಲ್ಲಿ ಗ್ರಾಹಕರು ಬೇರೆಡೆಗೆ ಹೋಗಿಬಿಟ್ಟಿದ್ದರು. ಫೋನಾಗಿ ಆ ಪ್ರಯತ್ನ ಸೋತಿತು. 2022ರ ಜನವರಿ 4ರಂದು ಆ ಫೋನ್‌ಗಳ ಸೇವೆಗಳೇ ನಿಂತವು. ಆದರೆ ಕ್ಯೂಎನ್‌ಎಕ್ಸ್ ಇಂದು 20 ಕೋಟಿಗೂ ಹೆಚ್ಚು ವಾಹನಗಳಲ್ಲಿದೆ. ತಿರುಳನ್ನು ಚಿಕ್ಕದಾಗಿಟ್ಟು ಉಳಿದ ಭಾಗಗಳನ್ನು ಬೇರೆಬೇರೆಯಾಗಿ ನಡೆಸುವ ಅದರ ಮೈಕ್ರೋಕರ್ನಲ್ ರಚನೆಯಲ್ಲಿ ಒಂದು ಭಾಗ ಕುಸಿದರೆ ಉಳಿದ ಭಾಗಗಳು ನಿಲ್ಲದೆ ನಡೆಯುವಂತೆ ಏರ್ಪಾಡಿದೆ. ಚಲಿಸುವ ವಾಹನದಲ್ಲಿ ಇದಕ್ಕಿಂತ ಬೇಕಾದ ಗುಣ ಬೇರೊಂದಿಲ್ಲ.

ಇವೆರಡನ್ನೂ ನೋಡಿದ ಮೇಲೆ ಆಪರೇಟಿಂಗ್ ಸಿಸ್ಟಂ ಸೊರಗಿದೆ ಎಂಬ ಮಾತಿನ ಅರ್ಥವನ್ನೇ ಬಿಡಿಸಿ ನೋಡಬೇಕಾಗುತ್ತದೆ. ಬಹಳಷ್ಟು ಸಲ ಸೊರಗಿರುವುದು ಫೋನ್ ವ್ಯಾಪಾರ, ವ್ಯವಸ್ಥೆಯಲ್ಲ. ಕೊಳ್ಳುವವರು ಆ ವ್ಯಾಪಾರವನ್ನೇ ಮತ್ತೆ ಎಬ್ಬಿಸಲು ಹೊರಟರೆ ಹಿಂದಿನವರು ಸೋತ ಜಾಗದಲ್ಲೇ ತಾವೂ ಸೋಲುವ ಸಂಭವ ಹೆಚ್ಚು. ವ್ಯವಸ್ಥೆಯ ಗುಣವನ್ನು ಗುರುತಿಸಿ, ಆ ಗುಣ ಬೇಕಾಗಿರುವ ತಮ್ಮದೇ ಉತ್ಪನ್ನಕ್ಕೆ ಅದನ್ನು ಒಯ್ದರೆ ಅದು ಹತ್ತು ವರ್ಷ ಬಾಳುತ್ತದೆ.

ಹಾಗಾದರೆ ಫೋನಿಗಾಗಿಯೇ ಕೊಳ್ಳುವುದು ಎಂದಾದರೂ ಸರಿಯೆ? ಬೇರೆಯವರ ವ್ಯವಸ್ಥೆಯನ್ನು ನೆಚ್ಚಿಕೊಂಡಿರುವುದೇ ಕಂಪನಿಯ ಅಸ್ತಿತ್ವಕ್ಕೆ ಅಪಾಯವಾದಾಗ ಸರಿ ಎಂದು ನನಗೆ ತೋರುತ್ತದೆ. 2019ರ ಮೇ ತಿಂಗಳಲ್ಲಿ ಅಮೆರಿಕ ಸರ್ಕಾರದ ನಿರ್ಬಂಧ ಬಂದು ಗೂಗಲ್‌ನ ಸೇವೆಗಳು ಕೈತಪ್ಪಿದ ಮೇಲೆ, ಚೀನಾದ ಫೋನ್ ಕಂಪನಿ ವಾವೇ ಅದೇ ವರ್ಷದ ಆಗಸ್ಟ್‌ನಲ್ಲಿ ಹಾರ್ಮನಿ ಓಎಸ್ ಅನ್ನು ಪ್ರಕಟಿಸಿತು. ಅದನ್ನು ಕೊಳ್ಳಲಿಲ್ಲ, ತಾನೇ ಕಟ್ಟಿತು; ಆಂಡ್ರಾಯ್ಡ್ ಆ್ಯಪ್‌ಗಳ ಹಂಗನ್ನು ಪೂರ್ತಿ ಬಿಟ್ಟ ಆವೃತ್ತಿಯನ್ನು 2024ರಲ್ಲಿ ತಂದಿತು. ಆ ಐದು ವರ್ಷಗಳ ಹಟಕ್ಕೆ ಕಾರಣ ಲಾಭದ ಲೆಕ್ಕಾಚಾರಕ್ಕಿಂತ ಬೇರೆ ದಾರಿಯಿಲ್ಲದ ಸ್ಥಿತಿ. ಬರೀ ಮಾರುಕಟ್ಟೆಯ ಪಾಲು ಹೆಚ್ಚಿಸಿಕೊಳ್ಳುವ ಆಸೆಯಿಂದ ಯಾವ ಕಂಪನಿಯೂ ಅಷ್ಟು ಹಟ ಹಿಡಿಯುವುದನ್ನು ನಾನು ಕಂಡಿಲ್ಲ.

ಪೇಟೆಂಟ್‌ಗಳಿಗಾಗಿ ಕೊಳ್ಳಬಹುದೆಂಬ ವಾದವೂ ಇದೆ. ಪಾಮ್‌ನಿಂದ ಬಂದ ಪೇಟೆಂಟ್‌ಗಳನ್ನು ಎಚ್‌ಪಿ 2014ರಲ್ಲಿ ಕ್ವಾಲ್‌ಕಾಮ್‌ಗೆ ಮಾರಿತು. ಬೇಕಾದದ್ದು ಪೇಟೆಂಟ್‌ಗಳೇ ಆದರೆ ಅವುಗಳನ್ನಷ್ಟೇ ಕೊಳ್ಳುವುದು ಪ್ರಾಮಾಣಿಕ ವ್ಯವಹಾರ. ಅದರ ಜೊತೆಗೆ ಜೀವಂತ ವ್ಯವಸ್ಥೆಯೊಂದನ್ನು ಮನೆಗೆ ತಂದು ಉಪವಾಸ ಕೆಡವುವುದು ಅದನ್ನು ನಂಬಿದವರಿಗೆ ಮಾಡುವ ಅನ್ಯಾಯ.

ಖರೀದಿಯನ್ನು ಯೋಚಿಸುತ್ತಿರುವ ನಿರ್ದೇಶಕ ಮಂಡಳಿಯೊಂದರ ಮುಂದೆ ಮಾತಾಡುವ ಅವಕಾಶ ನನಗಿದ್ದರೆ, ಬೆಲೆಯ ಬಗ್ಗೆ ಏನನ್ನೂ ಕೇಳುವುದಿಲ್ಲ. ಈಗಿನ ಮುಖ್ಯಾಧಿಕಾರಿ ನಾಳೆಯೇ ಹೊರಟುಹೋದರೂ ಈ ಕೆಲಸ ಮುಂದುವರಿಯುತ್ತದೆಯೆ ಎಂದು ಕೇಳುತ್ತೇನೆ, ಏಕೆಂದರೆ ಹರ್ಡ್ ಹೋದ ಮೇಲೆ ಎಚ್‌ಪಿಯಲ್ಲಿ ಅದು ಮುಂದುವರಿಯಲಿಲ್ಲ. ಮೊದಲ ಐದು ವರ್ಷ ಈ ವಿಭಾಗ ನಷ್ಟದಲ್ಲೇ ನಡೆದರೆ ಷೇರುದಾರರಿಗೆ ಏನು ಹೇಳುತ್ತೀರಿ ಎಂದು ಕೇಳುತ್ತೇನೆ. ಫೋನ್‌ಗಳು ಮಾರಾಟವಾಗದೇ ಹೋದರೆ ನಿಮ್ಮ ಇನ್ನಾವ ಉತ್ಪನ್ನ ಈ ವ್ಯವಸ್ಥೆಯನ್ನು ಸಾಕುತ್ತದೆ ಎಂಬುದಕ್ಕೆ ಒಂದೇ ವಾಕ್ಯದ ಉತ್ತರ ಬೇಡುತ್ತೇನೆ. ಆ ವಾಕ್ಯ ಅವರಿಂದ ಹೊರಡದಿದ್ದರೆ ಉಳಿದ ಚರ್ಚೆ ವ್ಯರ್ಥ.

ಕೊನೆಯದಾಗಿ ಈಗಾಗಲೇ ಆ ಫೋನ್ ಬಳಸುತ್ತಿರುವವರ ಬಗ್ಗೆ ಕೇಳುತ್ತೇನೆ. 2011ರ ಫೆಬ್ರುವರಿಯಲ್ಲಿ ಎಚ್‌ಪಿ ಹೊಸ ಸಾಧನಗಳನ್ನು ತೋರಿಸಿದಾಗ, ಮೊದಲ ಪ್ರೀ ಮತ್ತು ಪಿಕ್ಸಿ ಫೋನ್‌ಗಳಿಗೆ ಹೊಸ ಆವೃತ್ತಿ ದೊರೆಯುವುದಿಲ್ಲ ಎಂಬುದು ಆ ಫೋನ್‌ಗಳನ್ನು ನಂಬಿ ಕೊಂಡಿದ್ದವರಿಗೆ ತಿಳಿಯಿತು. ವ್ಯವಸ್ಥೆ ಕೈಬದಲಾದ ದಿನವೇ, ಇಂತಿಷ್ಟು ವರ್ಷಗಳ ಕಾಲ ಭದ್ರತಾ ಪರಿಷ್ಕರಣೆಗಳನ್ನು ಕೊಡುತ್ತೇವೆ, ನಿಲ್ಲಿಸುವುದಾದರೆ ಇಷ್ಟು ತಿಂಗಳು ಮೊದಲೇ ತಿಳಿಸುತ್ತೇವೆ, ನಿಲ್ಲಿಸಿದ ಮೇಲೆ ಕೋಡನ್ನು ಮುಕ್ತವಾಗಿ ಬಿಡುತ್ತೇವೆ ಎಂದು ಬರಹದಲ್ಲಿ ಹೇಳುವುದು ಕಷ್ಟವೇನಲ್ಲ. ಎಚ್‌ಪಿ ಈ ಮೂರನೆಯದನ್ನು ತಡವಾಗಿಯಾದರೂ ಮಾಡಿತು ಎಂಬುದನ್ನು ಇಲ್ಲಿ ನೆನೆಯಲೇಬೇಕು. 2011ರ ಡಿಸೆಂಬರ್‌ನಲ್ಲಿ ವೆಬ್‌ಓಎಸ್ ಅನ್ನು ಮುಕ್ತ ತಂತ್ರಾಂಶವಾಗಿಸುವುದಾಗಿ ಘೋಷಿಸಿ, 2012ರ ಸೆಪ್ಟೆಂಬರ್‌ನಲ್ಲಿ ಅದರ ಮೊದಲ ಆವೃತ್ತಿಯನ್ನು ಅಪಾಚೆ ಎಂಬ ಮುಕ್ತ ಪರವಾನಗಿಯಡಿ ಬಿಡುಗಡೆ ಮಾಡಿತು. ಅದನ್ನೇ ಹಿಡಿದುಕೊಂಡು ಸ್ವಯಂಸೇವಕರು ಲೂನ್ ಓಎಸ್ ಎಂಬ ಹೆಸರಿನಲ್ಲಿ ಕೆಲಸ ಮುಂದುವರಿಸಿದರು; ಯಾರದೋ ಹಳೆಯ ಟಚ್‌ಪ್ಯಾಡ್‌ನಲ್ಲಿ, ಇನ್ಯಾರದೋ ಆಂಡ್ರಾಯ್ಡ್ ಫೋನಿನಲ್ಲಿ ಆ ಕಾರ್ಡುಗಳು ಮತ್ತೆ ಸಾಲಾಗಿ ನಿಂತವು.